ಹಳದಿ ಎಂದುಕೊಂಡು ಎಳೆದ ಗೆರೆ

ಮನೆ,
ಭಾನುವಾರ ಬೆಳಿಗ್ಗೆ, ಮಾರ್ಚ್ ೯

ನನ್ನ ಮುದ್ದು ಮಗಳೇ,

ಹೇಗಿದ್ದೀಯ? ಆ ಹಾಳು ಕೆಮ್ಮು ಬಿಟ್ಟಿತೋ ಇಲ್ಲವೋ? ನರ್ಸಾಗಿ ಊರಿಗೆಲ್ಲ ಮಾತ್ರೆ ಹಂಚುತ್ತೀಯ, ನಿನಗೆ ಬಂದಾಗ ಮಾತ್ರ ಬಿಸಿನೀರು ಕುಡಿದು ಸುಮ್ಮನಾಗುತ್ತೀಯ, ನನಗೆ ಗೊತ್ತಿಲ್ಲವೇ? ನಿನ್ನಮ್ಮನ ಮಂಡಿನೋವು ಇದ್ದ ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ನಾನೂ ಆರಾಮಾಗಿದ್ದೇನೆ. ನಿಜ ಹೇಳಬೇಕೆಂದರೆ, ಮೊನ್ನೆ ಶುಕ್ರವಾರದಿಂದ ಈಚೆಗೆ ಆರಾಮು. ಮೂರು ತಿಂಗಳಿಂದ ನೀನು ಫೋನಿನಲ್ಲಿ ಅಮ್ಮನ ಹತ್ತಿರ ಮಾತಾಡಿ ಇಟ್ಟುಬಿಡುತ್ತೀಯ, ನಾನೂ ಬಿಗುಮಾನದಿಂದ ಕೂತಿದ್ದೆ. ಇವತ್ತು ಕಾಗದ ಹಿಡಿದಿದ್ದೇನೆ, ಪೂರ್ತಿ ಓದು.

ನೆಲದ ಕೆಳಗೆ ಏನೇನು ಹೋಗಿದೆಯೆಂದು ಹುಡುಕಿ, ಅದರ ಮೇಲೆ ಫ್ಲೋರೆಸೆಂಟ್ ಸ್ಪ್ರೇ ಹೊಡೆದು ಗೆರೆ ಎಳೆಯುವ ಅಪ್ಪನ ಕೆಲಸ ನಿನಗೆ ಗೊತ್ತೇ ಇದೆ. ನೀಲಿ ನೀರಿಗೆ, ಕೆಂಪು ಕರೆಂಟಿಗೆ, ಹಳದಿ ಗ್ಯಾಸಿಗೆ. ಬಿಳಿ ಎಳೆದರೆ ಇಲ್ಲಿ ಅಗೆಯಿರಿ ಎಂದರ್ಥ. ಈ ಚಳಿಗಾಲದಿಂದ ಹಳದಿ ಡಬ್ಬಗಳೇ ಸರಿಯಿಲ್ಲ ಎನ್ನಿಸುತ್ತಿತ್ತು. ನೂರು ಮಾರು ದೂರದಿಂದಲೇ ಕಣ್ಣಿಗೆ ಹೊಡೆಯಬೇಕಾದ ಬಣ್ಣ, ಹಳೇ ಸುಣ್ಣದ ಹಾಗೆ ಮಂಕು. ಸ್ಟೋರಿನವನ ಮೇಲೆ ಹರಿಹಾಯ್ದು ಮೂರು ಪೆಟ್ಟಿಗೆ ವಾಪಸು ಕಳಿಸಿದೆ. ಆ ಪುಣ್ಯಾತ್ಮ ಪ್ರತಿ ಸಲವೂ ಒಂದು ಹಲಗೆಗೆ ಹೊಡೆದು ನೋಡಿ, "ಚೆನ್ನಾಗೇ ಇದೆಯಲ್ಲ ಸಾರ್" ಎನ್ನುತ್ತಿದ್ದ. ಕಳಪೆ ಮಾಲು ತಂದು ನನಗೇ ಟೋಪಿ ಹಾಕುತ್ತಿದ್ದಾನೆ ಎಂದುಕೊಂಡೆ. ರಜಕ್ಕೆ ಬಂದಿದ್ದ ನೀನು ಅದನ್ನು ಕೇಳಿ, "ಅಪ್ಪಾ, ಬಣ್ಣ ಅಲ್ಲ, ಮೊದ್ಲು ಕಣ್ಣು ತೋರಿಸ್ಕೋ" ಅಂದೆ. ಇಪ್ಪತ್ತೆಂಟು ವರ್ಷ ಗೆರೆ ಎಳೆದವನಿಗೆ ಪಾಠ ಹೇಳಬೇಡ ಎಂದು ಕೂಗಾಡಿಬಿಟ್ಟೆ. ನೀನು ಮಾರನೇ ದಿನ ಮೊದಲ ಬಸ್ಸಿಗೇ ಹೊರಟುಹೋದೆ.

ಈ ಗುರುವಾರ ಒಂದು ಶಾಲೆಯ ಮುಂದೆ ಕೆಲಸವಿತ್ತು. ಅಗೆಯುವ ಜಾಗಕ್ಕೆ ಬಿಳಿ ಎಳೆದೆ, ಗೋಡೆ ಪಕ್ಕದ ಗ್ಯಾಸ್ ಪೈಪಿಗೆ ಹಳದಿ ಎಳೆದೆ. ಅಗೆಯುವ ಮೊದಲು ಗೆರೆ ಎಳೆದವರೂ ಯಂತ್ರ ಓಡಿಸುವವರೂ ಜೊತೆಯಾಗಿ ಗೆರೆಯುದ್ದಕ್ಕೂ ನಡೆಯಬೇಕು. ಅವರು ಬಣ್ಣ ಕೂಗಬೇಕು, ನಾವು ಹೌದು ಎನ್ನಬೇಕು. ನಾವು ಹಳಬರು ಅದನ್ನು ಎಂದೋ ಬಿಟ್ಟಿದ್ದೇವೆ. ಆದರೆ ಅಂದು ಜೆಸಿಬಿ ಮೇಲಿದ್ದವಳು ನಾವೆಲ್ಲ ಜೋರಮ್ಮ ಎಂದು ಕರೆಯುವ ಹೆಂಗಸು. "ಬನ್ನಿ ಅಣ್ಣಾ, ನಾಲ್ಕು ಹೆಜ್ಜೆ ಇಟ್ರೆ ಕಾಲೇನು ಸವೆಯಲ್ಲ" ಎಂದು ಇಳಿದೇಬಿಟ್ಟಳು. ಗೊಣಗುತ್ತಾ ಹೋದೆ. ಬಿಳಿ ಅಂದಳು, ಹೌದು ಅಂದೆ. ನೀಲಿ, ಹೌದು. ಗೋಡೆ ಹತ್ತಿರ ಬಂದಾಗ ಮತ್ತೆ ಬಿಳಿ ಅಂದಳು. ಇಲ್ಲೆಲ್ಲಿಂದ ಬಂತು ಬಿಳಿ, ಅದು ಹಳದಿ ಎಂದು ರೇಗಿದೆ. ಅವಳು ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಡಬ್ಬ ಇಸಿದುಕೊಂಡು ಮುಚ್ಚಳ ನೋಡಿದಳು. "ಅಣ್ಣಾ, ಇದೂ ಬಿಳೀನೇ" ಅಂದಳು, ಮೆತ್ತಗೆ. ಗ್ಯಾಸ್ ಪೈಪಿನ ನೆತ್ತಿಯ ಮೇಲೆ, ಇಲ್ಲಿ ಅಗೆಯಿರಿ ಎಂದು ನಾನೇ ಗುರುತು ಹಾಕಿದ್ದೆ ಕಣೇ! ಗೋಡೆಯಾಚೆ ಮಕ್ಕಳು ಒಟ್ಟಾಗಿ ಮಗ್ಗಿ ಹೇಳುತ್ತಿದ್ದರು. ಅಲ್ಲೇ ನೆಲದ ಮೇಲೆ ಕೂತೆ. ಜೋರಮ್ಮ ಆ ಗೆರೆಗೆ ಕಪ್ಪು ಬಳಿದು, ತಾನೇ ಹಳದಿ ಎಳೆದಳು.

ಮೇಸ್ತ್ರಿಗೆ ನಾನೇ ಹೋಗಿ ಹೇಳಿದೆ. ಶುಕ್ರವಾರ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಕುರುಡನಾಗುತ್ತಿದ್ದೇನೆ ಎಂಬ ಅನುಮಾನ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು, ಅದಕ್ಕೇ ನಿನ್ನ ಮಾತಿಗೆ ಅಷ್ಟು ಉರಿದುಬಿದ್ದದ್ದು. ಡಾಕ್ಟರು ನೋಡಿ, "ಪೊರೆ ಬಂದಿದೆ ಅಷ್ಟೇ. ಪೊರೆ ಹಳದಿಗಟ್ಟಿದ್ರೆ ಹಳದಿಗೂ ಬಿಳಿಗೂ ವ್ಯತ್ಯಾಸ ಕಾಣಲ್ಲ. ತೆಗೆದ್ರೆ ಸರಿಹೋಗುತ್ತೆ" ಅಂದರು. ಅಬ್ಬಾ! ನಾಚಿಕೆ ಬಿಟ್ಟು ಅವರೆದುರೇ ಅತ್ತುಬಿಟ್ಟೆ. ಕೆಲಸವೂ ಹೋಗುವುದಿಲ್ಲ, ಕಣ್ಣು ಸರಿಯಾಗುವವರೆಗೆ ಡಬ್ಬ ಮುಟ್ಟುವ ಹಾಗಿಲ್ಲ ಅಷ್ಟೇ. ಇನ್ನು ಹಳಬ ಹೊಸಬ ಎನ್ನದೆ ಎಲ್ಲರೂ ಗೆರೆಯುದ್ದಕ್ಕೂ ನಡೆಯಲೇಬೇಕೆಂದು ಮೇಸ್ತ್ರಿ ಕಟ್ಟಪ್ಪಣೆ ಮಾಡಿದ್ದಾರೆ. ಸ್ಟೋರಿನವನ ಹತ್ತಿರ ಕ್ಷಮೆ ಕೇಳಿದರೆ, "ಮೂರು ಪೆಟ್ಟಿಗೆ ಹೊತ್ತದ್ದು ನನ್ನ ಬೆನ್ನು ಸಾರ್" ಎಂದು ನಕ್ಕು ಟೀ ಕೊಟ್ಟ. ಎರಡು ರಾತ್ರಿಯಿಂದ ಕಣ್ತುಂಬ ನಿದ್ದೆ ಮಾಡುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು, ಕೆಮ್ಮಿಗೆ ಔಷಧಿ ತೆಗೆದುಕೋ. ನಿನ್ನ ಕೈಗುಣ ಹೀಗೇ ಇರಲಿ, ನೂರು ಕಾಲ ಚೆನ್ನಾಗಿರು ತಾಯಿ.

ಇಂತಿ,
ನಿನ್ನ ಮೊಂಡ ಅಪ್ಪ

ತಾ.ಕ. (ಸೋಮವಾರ ಬೆಳಿಗ್ಗೆ): ಅಂಚೆಯವನು ಬರುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಆಪರೇಷನ್ ಹತ್ತೊಂಬತ್ತನೇ ತಾರೀಖು, ಬುಧವಾರ. ಹತ್ತು ನಿಮಿಷದ ಕೆಲಸ ಎನ್ನುತ್ತಾಳೆ ನಿನ್ನಮ್ಮ. ಇರಬಹುದು, ಆದರೆ ನನಗೆ ಭಯವಾಗುತ್ತಿದೆ. ಜೊತೆಗೆ ಯಾರು ಬರುತ್ತಾರೆಂದು ಫಾರಮ್ಮಿನಲ್ಲಿ ಕೇಳಿದ್ದರು. ನಿನ್ನನ್ನು ಕೇಳದೆಯೇ ನಿನ್ನ ಹೆಸರು ಬರೆದುಕೊಟ್ಟು ಬಂದಿದ್ದೇನೆ. ಬೈಯುವುದಿದ್ದರೆ ಬಂದೇ ಬೈಯಿ.