ಅರ್ಧ ಹಾಳೆ ಬಿಳಿ

ಜ್ಯೂರಿಕ್, ಮಾರ್ಚ್ 1957

ರೆಗುಲಾ,

ನೀನು ತೀರಿಕೊಂಡು ಐದು ತಿಂಗಳಾಯಿತು. ಇದನ್ನು ಎಲ್ಲಿಗೂ ಕಳಿಸುವುದಿಲ್ಲ. ನಮ್ಮ ಸ್ಟುಡಿಯೋದಲ್ಲಿ ನಿನ್ನ ಮೇಜಿನ ಮೇಲೆ ಸಿಕ್ಕಿದ್ದ ಸಂಗೀತ ಕಚೇರಿಯ ಪೋಸ್ಟರ್‌ಗೆ ಇವತ್ತು ವರ್ಷದ ಬಹುಮಾನ ಬಂತು. ಕೆಳಗಿನ ಮೂಲೆಯಲ್ಲಿ, ವಾಡಿಕೆಯಂತೆ, ಸಣ್ಣಕ್ಷರದಲ್ಲಿ ವಿನ್ಯಾಸಕಾರರ ಹೆಸರಿದೆ. ನನ್ನದು.

ನಮ್ಮ ಮುದ್ರಕ, ಮುದುಕ ಕೋಬಿ, ಕನ್ನಡಕ ಏರಿಸಿ ಪೋಸ್ಟರ್‌ನಲ್ಲಿದ್ದ ಕೆಂಪು ವೃತ್ತದ ಅಂಚನ್ನೇ ನೋಡಿದ.

"ಇದು ಕೈವಾರದ್ದಲ್ಲ ಕಣೋ ಬಾಲ್ಟ್ಸ್, ಕತ್ತರಿದು. ಹಿಂಗೆ ಕಾಗದ ಕತ್ತರಿಸ್ತಿದ್ದೋಳು ಆ ಹಟಮಾರಿ ಒಬ್ಳೇ ಅಲ್ವೇನೋ?"

"ಅವಳ ಹತ್ರಾನೇ ಕಲಿತಿದ್ದು," ಅಂದೆ. ಅವನು ನಂಬಿ ಬೆನ್ನು ತಟ್ಟಿದ.

ಖಾಲಿ ಜಾಗಕ್ಕೆ ಹೆದರಬೇಡ ಎನ್ನುತ್ತಿದ್ದೆಯಲ್ಲ, ಅರ್ಧ ಹಾಳೆ ಬಿಳಿಯಾಗಿಯೇ ಉಳಿದಿದೆ. ನಿನ್ನ ಹೆಸರು ಹಾಕಲು ಜಾಗವಿರಲಿಲ್ಲ ಎಂದು ಹೇಳುವಂತೆಯೂ ಇಲ್ಲ.

ಬಾಲ್ಟ್ಸ್