ಗಾಜಿನ ಪೆಟ್ಟಿಗೆಯೊಳಗಿನ ಐದು ಹೆಸರುಗಳು

ಮಾನ್ಯ ಕುಲಸಚಿವರೇ,

ಬರವಣಿಗೆಯ ಬೋಧನೆ ಮತ್ತು ಅಭ್ಯಾಸದ ಸರ್ಟಿಫಿಕೇಟ್ ಕೋರ್ಸಿನಲ್ಲಿ ನಾನು ಅನುತ್ತೀರ್ಣಳೆಂದು ತಿಳಿಸಿದ್ದೀರಿ. ಕಾರಣ: ‘ಆರು ಕಲಿಕಾರ್ಥಿಗಳ ಪೈಕಿ ಒಬ್ಬರು ಅಂತಿಮ ಬರಹ ಸಲ್ಲಿಸಿರುವುದಿಲ್ಲ.’ ಸಲ್ಲಿಸಿಲ್ಲ, ನಿಜ. ಅವಳ ಬಲಗೈಯನ್ನು ಕಾದ ಇಸ್ತ್ರಿಪೆಟ್ಟಿಗೆಯ ಕೆಳಗೆ ಒತ್ತಿ ಹಿಡಿದು ಸುಡಲಾಗಿದೆ. ಸುಟ್ಟವನು ಗಂಡ. ಅವನಿಗೆ ನೆಪ ಒದಗಿಸಿದವರು ತಾವು.

ತಮ್ಮ ನಿಯಮದಂತೆ ನಾನು ಹನ್ನೆರಡು ವಾರ ಪಾಠ ಮಾಡಬೇಕಿತ್ತು. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗಕ್ಕೆ ಹೋದೆ. ಊಟದ ಬಿಡುವಿನಲ್ಲಿ ಆರು ಹೆಂಗಸರು ಮಡಚಿಟ್ಟ ಬೆಡ್‌ಶೀಟುಗಳ ರಾಶಿಯನ್ನೇ ಮೇಜು ಮಾಡಿಕೊಂಡು ಬರೆಯುತ್ತಿದ್ದರು. ಇಸ್ತ್ರಿ ಮಾಡುವವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಏಳು ವಾರ ಅವಳು ಬರೆದದ್ದು ಪಕ್ಕದ ಮನೆಯ ಬೆಕ್ಕಿನ ಬಗ್ಗೆ. ಎಂಟನೆಯ ವಾರ ಕೇಳಿದಳು:

“ಮೇಡಂ, ಮನೇಲಿ ನಡೆಯೋದನ್ನೂ ಬರೀಬಹುದಾ?”

“ಬರೀರಿ ದೊಡ್ಡಕ್ಕ.”

“ಯಾರಾದ್ರೂ ಓದಿಬಿಟ್ರೆ?”

“ಹೆಸರು ಎಲ್ಲೂ ಹಾಕಲ್ಲ. ನಾನು ಮಾತು ಕೊಡ್ತೀನಿ.”

ಬರೆದಳು. ಗಂಡ ಅವಳ ತಲೆಯನ್ನು ಗೋಡೆಗೆ ಬಡಿದದ್ದನ್ನು, ಮುರಿದ ಪಕ್ಕೆಲುಬು ತೋರಿಸಿ ತಾನು ಡಾಕ್ಟರಿಗೆ ‘ಮೆಟ್ಟಿಲು ಜಾರಿತು’ ಎಂದದ್ದನ್ನು. ಅಂತಿಮ ಬರಹಕ್ಕೆ ಮೊದಲಿನ ಮೌಲ್ಯಮಾಪನಕ್ಕೆಂದು ನಾನು ಆರೂ ಜನರ ಬರಹಗಳ ಮೇಲೆ ‘ಗೌಪ್ಯ’ ಎಂದು ನಮೂದಿಸಿ, ಹೆಸರುಗಳ ಪಟ್ಟಿಯನ್ನು ಬೇರೆಯೇ ಲಕೋಟೆಯಲ್ಲಿಟ್ಟು ತಮಗೆ ಕಳಿಸಿದೆ. ಕಳೆದುಹೋದ ಅಂಕಪಟ್ಟಿ ಹುಡುಕಿಕೊಡಲು ವರ್ಷ ತೆಗೆದುಕೊಳ್ಳುವ ತಮ್ಮ ಕಚೇರಿ, ಎರಡೂ ಲಕೋಟೆ ಬಿಚ್ಚಿ ಯಾವ ಬರಹ ಯಾರದೆಂದು ಎರಡೇ ದಿನದಲ್ಲಿ ಹೊಂದಿಸಿತು. ವಿಶ್ವವಿದ್ಯಾಲಯದ ಹೆಬ್ಬಾಗಿಲ ಬಳಿಯ ಗಾಜಿನ ಪೆಟ್ಟಿಗೆಯಲ್ಲಿ ಹೆಸರು ಸಮೇತ ಅಂಟಿಸಿ, ಮೇಲೆ ‘ನಮ್ಮ ಸಾಧನೆ’ ಎಂದು ಬರೆಯಿತು. ತಮಗೆ ಕುಡಿಯುವ ನೀರಿನ ಕ್ಯಾನ್ ತರುವವನೇ ಅವಳ ಗಂಡನೆಂದು ತಮಗೆ ಹೇಗೆ ಗೊತ್ತಾಗಬೇಕು? ಆದರೆ ಅವನಿಗೆ ಓದಲು ಬರುತ್ತದೆ, ಸ್ವಾಮಿ.

ಮರುದಿನ ಮಧ್ಯಾಹ್ನ ಅವನು ಬಟ್ಟೆ ಒಗೆಯುವ ವಿಭಾಗಕ್ಕೆ ನುಗ್ಗಿದಾಗ ನಾನು ಅಲ್ಲೇ ಇದ್ದೆ. “ಬರೀತೀಯೇನೇ? ಬರಿ ಈಗ!” ಎಂದು ಅವಳ ಕೈಯನ್ನು ಹಲಗೆಗೆ ಒತ್ತಿ ಇಸ್ತ್ರಿಪೆಟ್ಟಿಗೆ ಇಟ್ಟ. ಚರ್ಮ ಸುಡುವ ವಾಸನೆ ಹೇಗಿರುತ್ತದೆಂದು ತಮ್ಮ ಪಠ್ಯಕ್ರಮದಲ್ಲಿಲ್ಲ. ನಾನು ತಳ್ಳುಗಾಡಿಯ ಕಬ್ಬಿಣದ ಹಿಡಿ ಕಿತ್ತು ಅವನ ಮುಖಕ್ಕೆ ಬೀಸಿದೆ. ಹಲ್ಲುಗಳು ಉದುರಿದವು. ಬಿದ್ದ ಮೇಲೂ ಹೊಡೆದೆ. ಉಳಿದ ಹೆಂಗಸರು ಎಳೆಯದಿದ್ದರೆ ಕೊಂದೇಬಿಡುತ್ತಿದ್ದೆ. ಪಶ್ಚಾತ್ತಾಪವಿಲ್ಲ. ಈಗ ಅವನೂ ನಾನೂ ಜಾಮೀನಿನ ಮೇಲೆ ಹೊರಗಿದ್ದೇವೆ.

ದೊಡ್ಡಕ್ಕ ಅದೇ ಆಸ್ಪತ್ರೆಯ ಮೇಲಿನ ವಾರ್ಡಿನಲ್ಲಿದ್ದಾಳೆ. ಎರಡು ಬೆರಳು ತೆಗೆದಿದ್ದಾರೆ. ನೋಡಲು ಹೋದಾಗ ಬೈಯಲಿಲ್ಲ. “ಬೇರೆಯವರ ಹೆಸರಾದ್ರೂ ತೆಗೆಸಿದ್ರಾ ಮೇಡಂ?” ಎಂದಳು.

ತೆಗೆಸಲಾಗಿಲ್ಲ, ಮಾನ್ಯರೇ. ಅವಳ ಹಾಳೆಯನ್ನು ಪೊಲೀಸರು ಸಾಕ್ಷಿಗೆಂದು ಒಯ್ದರು; ಉಳಿದ ಐವರ ಹೆಸರುಗಳು ಇಂದಿಗೂ ಅಲ್ಲಿವೆ. ಮೂರು ಅರ್ಜಿ ಕೊಟ್ಟೆ. ‘ವಿಷಯ ಸಮಿತಿಯ ಮುಂದಿದೆ’ ಎಂದಿರಿ. ಆ ಐವರಲ್ಲಿ ಇಬ್ಬರು ಕೆಲಸ ಮುಗಿದ ಮೇಲೂ ಮನೆಗೆ ಹೋಗಲು ಹೆದರಿ ಆಸ್ಪತ್ರೆಯ ಗೇಟಿನ ಬಳಿ ಕೂರುತ್ತಾರೆ. ಇನ್ನೆಷ್ಟು ಕೈ ಸುಟ್ಟರೆ ತಮ್ಮ ಸಮಿತಿಗೆ ಕೋರಂ ಆಗುತ್ತದೆ?

ನನ್ನನ್ನು ಉತ್ತೀರ್ಣಗೊಳಿಸುವುದು ಬೇಡ. ಸೋಮವಾರ ಹತ್ತು ಗಂಟೆಯೊಳಗೆ ಆ ಹಾಳೆಗಳನ್ನು ತೆಗೆಯಿರಿ. ಇಲ್ಲವಾದರೆ ಹತ್ತೂ ಐದಕ್ಕೆ ಗಾಜು ಒಡೆದು ನಾನೇ ತೆಗೆಯುತ್ತೇನೆ. ಪೊಲೀಸರಿಗೆ ಮೊದಲೇ ಹೇಳಿಟ್ಟಿರಿ. ಅಡ್ಡ ನಿಲ್ಲುವ ಮನಸ್ಸಿದ್ದರೆ, ಕಾವಲುಗಾರನನ್ನು ಕಳಿಸದೆ ತಾವೇ ಬನ್ನಿ.

ಇಂತಿ,
‘ಬರೆಯಿರಿ’ ಎಂದ ತಪ್ಪಿಗೆ ನಿದ್ದೆಗೆಟ್ಟಿರುವ
ಒಬ್ಬ ಮೇಡಂ