ಕಣ್ಣು ಮುಚ್ಚಿ ಅಕ್ಷರ ತಿದ್ದುವ ಮಗುವಿನ ವಿಚಾರ

ಕಡೂರು, ಏಪ್ರಿಲ್ ೧೯೮೪

ಮಾನ್ಯ ಶಿಕ್ಷಣಾಧಿಕಾರಿಗಳೇ,

ನನ್ನ ಐದು ವರ್ಷದ ಮಗಳು ಶಶಿಕಲಾಳನ್ನು ತಾವು ಮಂದಬುದ್ಧಿಯವಳೆಂದು ಸಾರಿ, ಜೂನ್‌ನಲ್ಲಿ ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಸೇರಿಸಿಕೊಳ್ಳಬಾರದೆಂದು ಅಲ್ಲಿನ ಹೆಡ್‌ಮಾಸ್ಟರರಿಗೆ ಅಪ್ಪಣೆ ಕೊಟ್ಟು ಜೀಪು ಹತ್ತಿದಿರಿ. ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ತಮ್ಮ ವಿರುದ್ಧ ಬರೆದರೆ ಮಗುವಿಗೆ ಇನ್ನೇನು ಕಾದಿದೆಯೋ ಎಂಬ ಭಯವೂ ಇದೆ. ಆದರೂ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ, ಏಕೆಂದರೆ ತಮ್ಮ ಕಚೇರಿಯ ಬಾಗಿಲಲ್ಲಿ ನಿಂತಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ನಾನು ಮೊದಲಿನಿಂದಲೂ ಪುಕ್ಕಲಿ. ಅಜ್ಜಂಪುರದಲ್ಲಿ ಓದುವಾಗ ಕಾಗುಣಿತ ತಪ್ಪಿದರೆ ಮೇಷ್ಟ್ರು ಬೆರಳ ಗೆಣ್ಣಿನ ಮೇಲೆ ರೂಲುದೊಣ್ಣೆಯಲ್ಲಿ ಹೊಡೆಯುತ್ತಿದ್ದರು. ಇವತ್ತಿಗೂ ಯಾರಾದರೂ ನೋಡುತ್ತಿದ್ದರೆ ಕೈ ಬೆವರಿ, ಸಹಿ ಹಾಕಲು ಬರುವುದಿಲ್ಲ. ಮಗಳಿಗೆ ಆ ಗತಿ ಬೇಡವೆಂದೇ ತೀರ್ಥಮ್ಮ ಟೀಚರ್ ಇಲ್ಲಿ ತಮ್ಮ ಮನೆಯ ಪಡಸಾಲೆಯಲ್ಲಿ ನಡೆಸುವ ಮಾಂಟೆಸ್ಸರಿ ಶಾಲೆಗೆ ಹಾಕಿದೆ. ಮನೆಯವರು ಸುಲಭಕ್ಕೆ ಒಪ್ಪಿದರೆಂದು ತಿಳಿಯಬೇಡಿ. ಮಕ್ಕಳು ಚಾಪೆಯ ಮೇಲೆ ಕೂತು ರಾಗಿಯನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಚೆಲ್ಲದಂತೆ ಸುರಿಯುವುದನ್ನು ಕಂಡು ನಮ್ಮತ್ತೆ, "ಇದನ್ನ ಕಲ್ಸಕ್ಕೆ ಸ್ಕೂಲು ಬೇಕೇನೇ? ನಾನೇ ಕಲುಸ್ತಿದ್ನಲ್ಲೇ" ಎಂದರು. ನನಗೂ ಒಳಗೊಳಗೇ ಅಳುಕಿತ್ತು.

ಅದು ಕಳೆದದ್ದು ಅಲ್ಲಿ ಅಕ್ಷರ ಕಲಿಸುವ ಬಗೆ ನೋಡಿದ ಮೇಲೆ. ಬಡಗಿಗಳು ಮರ ಉಜ್ಜುವ ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ ಹಲಗೆಗೆ ಅಂಟಿಸಿರುತ್ತಾರೆ. ಮಗು ಕಣ್ಣು ಮುಚ್ಚಿ, ಎರಡು ಬೆರಳಲ್ಲಿ ಸವರುತ್ತಾ ಅದು ಯಾವ ಅಕ್ಷರವೆಂದು ಹೇಳಬೇಕು. ನಮ್ಮ ಹಿರಿಯರು ಮರಳಿನಲ್ಲಿ ತಿದ್ದುತ್ತಿದ್ದುದಕ್ಕೂ ಇದಕ್ಕೂ ಅಂಥ ಅಂತರವೇನಿದೆ? ಒಂದು ದಿನ ಶಶಿಕಲಾ ಮೊರದಲ್ಲಿದ್ದ ರಾಗಿಹಿಟ್ಟಿನ ಮೇಲೆ 'ಅಜ್ಜಿ' ಎಂದು ಬರೆದಳು. ನಮ್ಮತ್ತೆ ಅದನ್ನು ಕೇರಿಗೆಲ್ಲ ಹೇಳಿಕೊಂಡು ಬಂದರು.

ಆಮೇಲೆ ತಾವು ಹೆಡ್‌ಮಾಸ್ಟರರೊಂದಿಗೆ ತನಿಖೆಗೆ ಬಂದಿರಿ. ಮಗಳನ್ನು ಕರೆದೊಯ್ಯಲು ಬಂದ ನಾನು ಬಾಗಿಲಲ್ಲೇ ಇದ್ದೆ. ಅಲ್ಲಿ ಮೇಜು ಕುರ್ಚಿ ಇರಲಿಲ್ಲ, ಬೆತ್ತವಿರಲಿಲ್ಲ, ಮಕ್ಕಳು ಎದ್ದು ನಿಂತು ಒಂದೇ ರಾಗದಲ್ಲಿ ನಮಸ್ಕಾರ ಕೂಗಲಿಲ್ಲ. ಇಂಥ ಶಾಲೆ ಕಂಡು ತಮ್ಮ ಮನಸ್ಸಿಗೆ ಎಷ್ಟು ನೋವಾಗಿರಬೇಕು! ನನ್ನ ಮಗಳ ಕೈಗೆ ಸ್ಲೇಟು ಕೊಟ್ಟು 'ಕಮಲ' ಬರೆ ಎಂದಿರಿ. ಅವಳು ಎಂದಿನಂತೆ ಕಣ್ಣು ಮುಚ್ಚಿ, ಮೊದಲು ಲಂಗದ ಮೇಲೆ ಬೆರಳಾಡಿಸಿದಳು. "ಏಯ್, ನಿದ್ದೆ ಮಾಡ್ತಿದೀಯೇನೇ? ಕಣ್ಣು ಬಿಡು" ಎಂದು ಗದರಿದಿರಿ. ಬಳಪ ಕೆಳಗೆ ಬಿತ್ತು. ವಿವರಿಸಲು ಬಂದ ತೀರ್ಥಮ್ಮನವರನ್ನು ಕೈ ಅಡ್ಡ ಮಾಡಿ ತಡೆದಿರಿ. ಆ ಪುಟ್ಟ ಬೆರಳು 'ಲ' ಮುಗಿಸುವಷ್ಟು ಪುರಸೊತ್ತೂ ಸರ್ಕಾರಕ್ಕೆ ಇಲ್ಲವೇ? ಈಗ ಹೆಡ್‌ಮಾಸ್ಟರರನ್ನು ಕೇಳಿದರೆ, "ಸಾಹೇಬ್ರ ಮಾತು ಮೀರಕ್ಕಾಗಲ್ಲ ಕಣಮ್ಮ" ಎನ್ನುತ್ತಾರೆ.

ಮೊನ್ನೆ ಸಂಜೆ ದೇವರ ಮುಂದೆ ದೀಪ ಹಚ್ಚಿ ನಮ್ಮತ್ತೆ, "ಕಣ್ಮುಚ್ಚಿ ಕೈ ಮುಗಿಯೇ" ಎಂದರು. ಶಶಿಕಲಾ ಕಣ್ಣು ಅಗಲಿಸಿಕೊಂಡೇ ನಿಂತಿದ್ದಳು. "ಮುಚ್ಚಿದ್ರೆ ಸಾಹೇಬ್ರು ಪೆದ್ದಿ ಅಂತಾರೆ ಕಣಜ್ಜಿ" ಎಂದು ಪಿಸುಗುಟ್ಟಿದಳು. ನಾನು ಅವಳ ಕೈ ಹಿಡಿದುಕೊಂಡೆ. ಅದು ನನ್ನ ಕೈಯಂತೆಯೇ ಬೆವರಿತ್ತು. ಯಾವ ಭಯ ಅವಳಿಗೆ ತಾಗಬಾರದೆಂದು ಈ ಶಾಲೆ ಹುಡುಕಿದೆನೋ, ಅದನ್ನು ತಾವೇ ಮುತುವರ್ಜಿ ವಹಿಸಿ ಜೀಪಿನಲ್ಲಿ ತಂದು ಮುಟ್ಟಿಸಿದಿರಿ.

ನನ್ನ ಬೇಡಿಕೆ ಇಷ್ಟೇ. ಜೂನ್‌ಗೆ ಮುಂಚೆ ಇನ್ನೊಮ್ಮೆ ಆ ಪಡಸಾಲೆಗೆ ಬನ್ನಿ. ಚಾಪೆಯ ಮೇಲೆ ಕೂತು ಯಾವ ಪದವನ್ನಾದರೂ ಬರೆಸಿ, ಬೆರಳು ನಿಲ್ಲುವವರೆಗೆ ಕಾಯಿರಿ. ಆಗಲೂ ಬರೆಯದಿದ್ದರೆ ತಮ್ಮ ಅಪ್ಪಣೆಗೆ ತಲೆಬಾಗುತ್ತೇನೆ. ಆದರೆ ಮೊದಲು, ಕಣ್ಣು ಮುಚ್ಚಿಕೋ ಮಗು, ಯಾರೂ ಬೈಯುವುದಿಲ್ಲ ಎಂದು ತಾವೇ ಅವಳಿಗೆ ಹೇಳಬೇಕು. ನಾನು ಹೇಳಿದರೆ ಅವಳು ನಂಬುವುದಿಲ್ಲ. ತಾವು ಗದರಿದ ದಿನ ಅವಳು ಬಾಗಿಲ ಕಡೆ ತಿರುಗಿ ನೋಡಿದಳು, ಅಲ್ಲಿ ಅಮ್ಮನೂ ನಡುಗುತ್ತಾ ನಿಂತಿದ್ದಳು.

ಇಂತಿ,
ಯಾರೂ ನೋಡದಾಗ ಈ ಪತ್ರಕ್ಕೆ ಸಹಿ ಹಾಕಿರುವ
ಪ್ರೇಮಮ್ಮ